ಕಾಗದವೋ ಪರದೆಯೋ ಎಂಬ ಹುಸಿ ಜಗಳ

ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಆ ವಾರದ ವೇದಿಕೆಗಳಲ್ಲಿ ನಾವು ಕೇಳುವ ಭಾಷಣಗಳನ್ನು ಎರಡೇ ಬಗೆಯಾಗಿ ವಿಂಗಡಿಸಬಹುದು. ಒಂದು ಬಗೆಯವರು ಹೊಸ ಪುಸ್ತಕದ ವಾಸನೆ, ಹಾಳೆ ತಿರುವುವ ಸುಖ, ಮಡಿಲಲ್ಲಿ ಪುಸ್ತಕವಿಟ್ಟುಕೊಂಡು ಮಲಗಿದ ಬಾಲ್ಯ ಇವುಗಳನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುತ್ತಾರೆ. ಮೊಬೈಲ್ ಬಂದು ಎಲ್ಲ ಹಾಳಾಯಿತು ಎನ್ನುತ್ತಾರೆ. ಇನ್ನೊಂದು ಬಗೆಯವರು ಅಂಗೈಯಲ್ಲೇ ಲಕ್ಷಾಂತರ ಪುಸ್ತಕ, ಬೆರಳ ತುದಿಯಲ್ಲೇ ಜ್ಞಾನ ಎನ್ನುತ್ತಾರೆ. ಬೀರು, ದೂಳು, ಗೆದ್ದಲುಗಳ ಕಾಲ ಮುಗಿಯಿತು ಎನ್ನುತ್ತಾರೆ. ಮಾಲಾರ್ಪಣೆಯಾಗುತ್ತದೆ, ವಂದನಾರ್ಪಣೆಯಾಗುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಮರುದಿನ ಬಡಾವಣೆಯ ಶಾಖಾ ಗ್ರಂಥಾಲಯದ ಬಾಗಿಲು ತೆರೆದಾಗ ಒಳಗಿರುವುದು ದಿನಪತ್ರಿಕೆ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಗೈಡು.

ಈ ಜಗಳದಲ್ಲಿ ನಾವು ಯಾರ ಪಕ್ಷವನ್ನೂ ವಹಿಸಲು ಸಿದ್ಧರಿಲ್ಲ. ಏಕೆಂದರೆ ಇದು ಜಗಳವೇ ಅಲ್ಲ. ಕಾಗದ ಮೇಲೋ ಪರದೆ ಮೇಲೋ ಎಂದು ಗ್ರಂಥಪಾಲಕರು ವಾದಿಸುತ್ತಿರುವಾಗ ಮೂರು ಪ್ರಶ್ನೆಗಳು ವೇದಿಕೆಯ ಕೆಳಗೇ ಉಳಿದುಬಿಡುತ್ತವೆ. ಪುಸ್ತಕ ಯಾರ ಸ್ವತ್ತು? ಅದರಲ್ಲಿ ಕನ್ನಡದ ಪಾಲೆಷ್ಟು? ಅದಕ್ಕೆಂದು ಜನರಿಂದ ವಸೂಲಿಯಾದ ಹಣ ಎಲ್ಲಿ? ಈ ಮೂರು ಪ್ರಶ್ನೆಗಳನ್ನು ಮೈಸೂರಿನಲ್ಲಿ ನಿಂತು ಕೇಳುವ ಹಕ್ಕು ನಮಗಿದೆ. ಈ ಊರು ಗ್ರಂಥಾಲಯದ ವಿಚಾರದಲ್ಲಿ ಸಾಮಾನ್ಯ ಊರಲ್ಲ.

ಓದುಗ ಬಳಕೆದಾರನಾದ ಕಥೆ

ಮೊದಲು ಮಾತನ್ನೇ ಗಮನಿಸೋಣ. ಮುದ್ರಿತ ಪುಸ್ತಕದ ವಿಚಾರ ಬಂದಾಗ ಗ್ರಂಥಾಲಯದವರು ಬಳಸುವ ಪದಗಳು ಹೊರೆಯ ಪದಗಳು: ಜಾಗ ಸಾಲದು, ಬೈಂಡಿಂಗ್ ಖರ್ಚು, ಸಿಬ್ಬಂದಿಯಿಲ್ಲ, ಜನ ಬರುತ್ತಿಲ್ಲ. ಇ-ಪುಸ್ತಕದ ವಿಚಾರ ಬಂದಾಗ ಅದೇ ಬಾಯಲ್ಲಿ ಸಂಭ್ರಮದ ಪದಗಳು: ನೋಂದಣಿ, ವೀಕ್ಷಣೆ, ಡೌನ್‌ಲೋಡ್, ಇಷ್ಟು ಲಕ್ಷ ಬಳಕೆದಾರರು. ಓದುಗ ಎಂಬ ಹಳೆಯ ಪದ ಯಾವಾಗ ಬಳಕೆದಾರನಾಗಿ ಬದಲಾಯಿತೋ ಯಾರಿಗೂ ತಿಳಿಯದು. ಓದುಗನಿಗೆ ಒಂದು ಮುಖವಿತ್ತು. ಅವನು ಯಾವ ಪುಸ್ತಕ ಕೇಳಿದ, ಯಾವುದು ಸಿಗದೆ ಹಿಂದಿರುಗಿದ ಎಂಬುದು ಮೇಜಿನ ಹಿಂದೆ ಕೂತವರಿಗೆ ಗೊತ್ತಿತ್ತು. ಬಳಕೆದಾರನಿಗೆ ಇರುವುದು ಮೊಬೈಲ್ ಸಂಖ್ಯೆ ಮಾತ್ರ.

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು. ಅದರ ಬೆನ್ನಿಗೇ ಕೊರೋನಾ ಬಂತು, ಊರಿನ ಎಲ್ಲ ವಾಚನಾಲಯಗಳ ಬಾಗಿಲು ಮುಚ್ಚಿತು. ಆ ದಿನಗಳಲ್ಲಿ ಮನೆಯಲ್ಲೇ ಕೂತ ಎಷ್ಟೋ ವಿದ್ಯಾರ್ಥಿಗಳಿಗೆ ಅದು ನೆರವಾಯಿತು ಎಂಬುದನ್ನು ನಾವು ಸಂತೋಷದಿಂದಲೇ ಒಪ್ಪುತ್ತೇವೆ. ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನಬೇಕು. ಆದರೆ ಆಮೇಲೆ ನಡೆದದ್ದೇನು? ನೋಂದಣಿಯ ಅಂಕಿ ಏರುತ್ತ ಹೋಯಿತು, ಆ ಅಂಕಿಯೇ ಸಾಧನೆಯಾಯಿತು. ನೋಂದಾಯಿಸಿದವರಲ್ಲಿ ಎಷ್ಟು ಜನ ಎರಡನೆಯ ಸಲ ಬಂದರು? ಬಂದವರು ತೆರೆದದ್ದು ಕಾದಂಬರಿಯನ್ನೋ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನೋ? ಕನ್ನಡದ ಯಾವ ಹತ್ತು ಪುಸ್ತಕಗಳನ್ನು ಹೆಚ್ಚು ಜನ ಕೊನೆಯವರೆಗೆ ಓದಿದರು? ಭಾಷಣಗಳಲ್ಲಿ ಈ ಲೆಕ್ಕ ಬರುವುದಿಲ್ಲ. ಮದುವೆ ಮನೆಯ ಬಾಗಿಲಲ್ಲಿ ನಿಂತು ಒಳಗೆ ಬಂದವರನ್ನು ಎಣಿಸಿ, ಇಷ್ಟು ಜನ ಉಂಡರು ಎಂದು ಹೇಳಿದಂತಾಯಿತು.

ಪುಸ್ತಕದ ವಾಸನೆಯ ಭಕ್ತರಿಗೂ ನಮ್ಮದೊಂದು ಮಾತಿದೆ. ವಾಸನೆಯಿಂದ ಯಾರ ಅಜ್ಞಾನವೂ ಹೋಗುವುದಿಲ್ಲ. ಬೀಗ ಹಾಕಿದ ಗಾಜಿನ ಬೀರುವಿನಲ್ಲಿ ಇಟ್ಟ ಪುಸ್ತಕ, ತಾಲ್ಲೂಕು ಕೇಂದ್ರದಿಂದ 20 ಕಿಲೋಮೀಟರ್ ದೂರದ ಹಳ್ಳಿಯ ಹುಡುಗಿಗೆ ಇಲ್ಲದ ಪುಸ್ತಕವೇ. ಗ್ರಂಥಾಲಯಕ್ಕೆ ಒಬ್ಬಳೇ ಹೋಗಿ ಬರಲು ಮನೆಯವರು ಬಿಡದ ಹೆಣ್ಣುಮಗಳಿಗೆ, ಮೆಟ್ಟಿಲು ಹತ್ತಲಾಗದ ವೃದ್ಧರಿಗೆ, ಕಣ್ಣಿಲ್ಲದವರಿಗೆ ಕಾಗದದ ಪುಸ್ತಕ ಕೊಟ್ಟದ್ದು ಎಷ್ಟು ಕಡಿಮೆ ಎಂದು ಇವರು ಒಮ್ಮೆ ಯೋಚಿಸಲಿ. ನಮ್ಮ ಸುಖದ ನೆನಪನ್ನು ಇತರರ ಓದಿನ ಹಕ್ಕಿಗೆ ಅಡ್ಡವಾಗಿ ನಿಲ್ಲಿಸುವುದು ನ್ಯಾಯವಲ್ಲ.

ಓಲೆಯಿಂದ ಅಚ್ಚಿಗೆ

ಮೈಸೂರಿನ ಗ್ರಂಥಪಾಲಕರು ಕಲಿಯಬೇಕಾದ ಪಾಠ ದೂರದಲ್ಲಿಲ್ಲ. ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಆರಂಭವಾಯಿತು. ಅಲ್ಲಿ ಗ್ರಂಥಪಾಲಕರಾಗಿದ್ದವರು ಆರ್. ಶಾಮಶಾಸ್ತ್ರಿಗಳು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ತಂದುಕೊಟ್ಟರು. ಗ್ರಂಥ ಲಿಪಿಯಲ್ಲಿದ್ದ ಆ ಓಲೆಗಳನ್ನು ಶಾಸ್ತ್ರಿಗಳು ಕೂತು ಓದಿದರು. ಅದು ಹೆಸರಷ್ಟೇ ಉಳಿದು ಪಠ್ಯವೇ ಕಳೆದುಹೋಗಿದೆ ಎಂದು ವಿದ್ವಾಂಸರು ನಂಬಿದ್ದ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅದರ ಸಂಸ್ಕೃತ ಪಠ್ಯ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಜಗತ್ತಿನ ಅಭಿಪ್ರಾಯವೇ ಬದಲಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಶಾಸ್ತ್ರಿಗಳ ಕಾಲದಲ್ಲಿ ಅಚ್ಚು ಎಂಬುದೇ ಹೊಸ ಮಾಧ್ಯಮ, ಓಲೆಯೇ ಹಳೆಯದು. ಓಲೆ ಪವಿತ್ರ, ಅಚ್ಚು ಮೈಲಿಗೆ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಅಚ್ಚಾಯಿತಲ್ಲ, ಇನ್ನು ಓಲೆಯೇಕೆ ಎಂದು ಬಿಸಾಡಲೂ ಇಲ್ಲ. ಆ ಓಲೆಗಳು ಇಂದಿಗೂ ಮೈಸೂರಿನಲ್ಲಿವೆ. ಅಷ್ಟಕ್ಕೂ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಪುಸ್ತಕ ತಾನಾಗಿ ದಾಟಲಿಲ್ಲ. ಲಿಪಿ ಬಲ್ಲ, ಭಾಷೆ ಬಲ್ಲ, ತಪ್ಪನ್ನು ತಪ್ಪೆಂದು ಗುರುತಿಸಬಲ್ಲ ಒಬ್ಬ ಮನುಷ್ಯ ಮಧ್ಯದಲ್ಲಿ ವರ್ಷಗಟ್ಟಲೆ ದುಡಿದ. ಆತನ ಹುದ್ದೆಯ ಹೆಸರು ಗ್ರಂಥಪಾಲಕ.

ಇಂದು ಅಂಥ ಹುದ್ದೆಯ ಗತಿ ಏನಾಗಿದೆ? ಸ್ಕ್ಯಾನಿಂಗ್ ಕೆಲಸವನ್ನು ಟೆಂಡರ್ ಕರೆದು ಪುಟಕ್ಕೆ ಇಷ್ಟು ಎಂದು ಗುತ್ತಿಗೆಗೆ ಕೊಡುವ ರೂಢಿ ಬಂದಿದೆ. ಪುಟ ಎಣಿಸಿ ಬಿಲ್ ಪಾಸಾಗುತ್ತದೆ. ಪುಟ ಬಿಟ್ಟುಹೋಯಿತೇ, ಅಕ್ಷರ ಕತ್ತರಿಸಿಹೋಯಿತೇ, ಪುಸ್ತಕದ ಹೆಸರು ಸರಿಯಾಗಿ ದಾಖಲಾಯಿತೇ ಎಂದು ನೋಡುವವರು ಯಾರು? ಈ ಶತಮಾನದ ಮೊದಲ ದಶಕದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಮಹತ್ವದ ಯೋಜನೆ ಬಂತು. ಕನ್ನಡದ ಸಾವಿರಾರು ಹಳೆಯ ಪುಸ್ತಕಗಳು ಅದರಲ್ಲಿ ಸ್ಕ್ಯಾನ್ ಆದವು. ಆ ಕೆಲಸ ಮಾಡಿದವರಿಗೆ ನಾವು ಋಣಿಗಳು. ಆದರೆ ಅನೇಕ ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮನಬಂದಂತೆ ಬರೆದಿಟ್ಟದ್ದರಿಂದ ಹುಡುಕಿದವನಿಗೆ ಪುಸ್ತಕ ಸಿಗದೆ, ಸಿಕ್ಕಿದವನಿಗೆ ಬೇರೇನೋ ಸಿಗುವಂತಾಯಿತು. ಸೂಚಿಯಲ್ಲಿ ತಪ್ಪಾಗಿ ದಾಖಲಾದ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮ. ಮುಂದೆ ಆ ಸರ್ಕಾರಿ ತಾಣವೇ ಜನರಿಗೆ ದೊರಕದಂತಾಯಿತು. ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಪ್ರತಿ ಮಾಡಿಟ್ಟುಕೊಂಡಿದ್ದರಿಂದ ಆ ಪುಸ್ತಕಗಳಲ್ಲಿ ಬಹಳಷ್ಟು ಉಳಿದವು. ನಮ್ಮ ತೆರಿಗೆಯ ಹಣದಲ್ಲಿ ನಡೆದ ಕೆಲಸವನ್ನು ಉಳಿಸಿದ್ದು ಸಾಗರದಾಚೆಯ ಒಂದು ಖಾಸಗಿ ಸಂಸ್ಥೆ ಎಂಬುದು ಹೆಮ್ಮೆಯ ವಿಷಯವೇನಲ್ಲ.

ಸುಟ್ಟದ್ದು, ಕೊಂಡೊಯ್ದದ್ದು

2021ರ ಏಪ್ರಿಲ್ 9ರ ನಸುಕಿನಲ್ಲಿ ಮೈಸೂರಿನ ರಾಜೀವನಗರದಲ್ಲಿ ಒಂದು ಗ್ರಂಥಾಲಯ ಸುಟ್ಟು ಬೂದಿಯಾಯಿತು. ಅದನ್ನು ಕಟ್ಟಿದವರು ಸೈಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು. ಶಾಲೆಯ ಭಾಗ್ಯ ಕಾಣದ ಆ ಮನುಷ್ಯ, ತನಗೆ ಸಿಗದ ಓದು ನೆರೆಹೊರೆಯವರಿಗಾದರೂ ಸಿಗಲಿ ಎಂದು ದುಡಿದದ್ದರಲ್ಲಿ ಉಳಿಸಿ, ದಾನಿಗಳನ್ನು ಕೇಳಿ, ಒಂದು ಶೆಡ್ಡಿನಲ್ಲಿ ಸುಮಾರು 11,000 ಪುಸ್ತಕಗಳನ್ನು ಕೂಡಿಸಿದ್ದರು. ಅದರಲ್ಲಿ ಹೆಚ್ಚಿನವು ಕನ್ನಡ ಪುಸ್ತಕಗಳು. ಭಗವದ್ಗೀತೆ, ಕುರ್‌ಆನ್, ಬೈಬಲ್ ಒಂದೇ ಸೂರಿನಡಿ ಇದ್ದವು. ದಿನಪತ್ರಿಕೆ ಓದಲು ಪ್ರತಿದಿನ ಜನ ಬರುತ್ತಿದ್ದರು. ಬೆಂಕಿ ಹೇಗೆ ಬಿತ್ತು ಎಂಬುದು ಪೊಲೀಸರ ತನಿಖೆಯ ವಿಷಯ. ನಾವು ಹೇಳಬೇಕಾದದ್ದು ಬೇರೆ.

ಆ ಸುದ್ದಿ ಬಂದಾಗ, ಈ ಕಾಲದಲ್ಲೂ ಕಾಗದ ನಂಬಿ ಕೂತರೆ ಹೀಗೇ ಆಗುವುದು, ಎಲ್ಲವನ್ನೂ ಡಿಜಿಟಲ್ ಮಾಡಬೇಕಿತ್ತು ಎಂದವರಿದ್ದರು. ಕೂಲಿ ಮಾಡಿ ಬದುಕುವ ವೃದ್ಧ ಎಲ್ಲವನ್ನೂ ಡಿಜಿಟಲ್ ಮಾಡುವುದು ಹೇಗೆ ಎಂಬ ಮಾತು ಹಾಗಿರಲಿ. ರಾಜೀವನಗರದ ಆ ಓಣಿಯಲ್ಲಿ ಪುಸ್ತಕದಷ್ಟೇ ಮುಖ್ಯವಾದದ್ದು ಕೂರಲು ಸಿಗುತ್ತಿದ್ದ ಜಾಗ. ಆಟೋ ಓಡಿಸುವವರು, ಕೆಲಸಕ್ಕೆ ಹೋಗುವ ಮುಂಚಿನ ಕೂಲಿಗಳು, ಶಾಲೆ ಬಿಟ್ಟ ಮಕ್ಕಳು ಹಣ ಕೊಡದೆ, ಯಾರ ಅಪ್ಪಣೆ ಕೇಳದೆ, ಯಾವ ಜಾತಿ ಧರ್ಮ ಎಂದು ಹೇಳದೆ ಬಂದು ಕೂರಬಹುದಾದ ಒಂದು ಸೂರು. ಆ ಸೂರನ್ನು ಯಾವ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಕೊಳ್ಳಬಹುದು? ಅದು ಸುಟ್ಟ ಮೇಲೆ ನಾಡಿನ ಮೂಲೆಮೂಲೆಯಿಂದ, ಹೊರದೇಶಗಳಿಂದ ಜನ ಲಕ್ಷಗಟ್ಟಲೆ ಹಣ ಕೂಡಿಸಲು, ಪುಸ್ತಕ ಕಳುಹಿಸಲು ಮುಂದಾದರು. ಅವರು ಮನಸೋತದ್ದು ಆ ಸೂರಿಗೆ, ಅದನ್ನು ಕಟ್ಟಿದ ಮನುಷ್ಯನಿಗೆ. ಮತ್ತು ಆ ಹಣ ಕೂಡಿದ್ದು ಅಂತರ್ಜಾಲದಲ್ಲಿ ಎಂಬುದನ್ನು ಕಾಗದದ ಪಕ್ಷದವರು ಮರೆಯಬಾರದು.

ಹಾಗೆಂದು ಬೆಂಕಿಯ ಪಾಠವನ್ನು ನಾವು ತಳ್ಳಿಹಾಕುವುದಿಲ್ಲ. ಒಂದೇ ಪ್ರತಿ, ಒಂದೇ ಜಾಗದಲ್ಲಿದ್ದರೆ ಅದು ಅಪಾಯದಲ್ಲಿದೆ ಎಂದೇ ಅರ್ಥ. ಮೈಸೂರಿನಿಂದ ಅನತಿ ದೂರದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಗ್ರಂಥಾಲಯವಿತ್ತು. 1799ರಲ್ಲಿ ಕೋಟೆ ಬಿದ್ದಾಗ ಅರಬ್ಬಿ, ಪಾರಸಿ, ಉರ್ದು ಮುಂತಾದ ಭಾಷೆಗಳ ಸುಮಾರು 2,000 ಸಂಪುಟಗಳು ಕಂಪನಿಯ ವಶವಾದವು. ಚಾರ್ಲ್ಸ್ ಸ್ಟೂಅರ್ಟ್ 1809ರಲ್ಲಿ ಅವುಗಳ ಪಟ್ಟಿಯನ್ನು ಪ್ರಕಟಿಸಿದ. ಕೆಲವು ಕಲ್ಕತ್ತಕ್ಕೆ, ಕೆಲವು ಇಂಗ್ಲೆಂಡಿಗೆ ಹಂಚಿಹೋದವು. ಈಗ ಅವುಗಳನ್ನು ನೋಡಬೇಕಾದ ಮೈಸೂರಿನ ವಿದ್ಯಾರ್ಥಿಗೆ ವೀಸಾ, ವಿಮಾನದ ಟಿಕೆಟ್ ಬೇಕು. ಇಲ್ಲವೇ ಪರದೆಯ ಮೇಲಿನ ಚಿತ್ರ ಬೇಕು. ಅಂಥ ಚಿತ್ರಗಳನ್ನು ನಾವು ಬೇಡ ಎನ್ನಲು ಸಾಧ್ಯವೇ? ಆದರೆ 2023ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಗಣಕ ವ್ಯವಸ್ಥೆಯ ಮೇಲೆ ದಾಳಿಯಾಯಿತು. ಗ್ರಂಥಸೂಚಿಯೂ ಡಿಜಿಟಲ್ ಹಸ್ತಪ್ರತಿಗಳೂ ತಿಂಗಳುಗಟ್ಟಲೆ ಯಾರಿಗೂ ಸಿಗದಾದವು. ಕಾಗದವನ್ನು ಬೆಂಕಿ ಸುಟ್ಟರೆ ಕಡತವನ್ನು ಕಳ್ಳರು ಬೀಗ ಹಾಕಿ ಒತ್ತೆ ಇಡಬಲ್ಲರು. ಆದ್ದರಿಂದ ಎರಡೂ ಇರಲಿ, ಹಲವು ಕಡೆ ಇರಲಿ ಎಂಬುದೇ ವಿವೇಕ.

ಬಾಡಿಗೆ ಪುಸ್ತಕಕ್ಕೆ ಸ್ವಂತ ಬೀರು

ಈಗ ಸ್ವತ್ತಿನ ಪ್ರಶ್ನೆ. ಗ್ರಂಥಾಲಯ ಒಂದು ಮುದ್ರಿತ ಪುಸ್ತಕ ಕೊಂಡರೆ ಅದು ಗ್ರಂಥಾಲಯದ್ದು. ಬೈಂಡ್ ಮಾಡಿಸಿ 50 ವರ್ಷ ಎರವಲು ಕೊಡಬಹುದು. ಇ-ಪುಸ್ತಕಗಳಲ್ಲಿ ಹೆಚ್ಚಿನವು ಹಾಗಲ್ಲ. ಅಲ್ಲಿ ಕೊಳ್ಳುವುದು ಎಂಬ ಪದವಿದ್ದರೂ ನಡೆಯುವುದು ಬಾಡಿಗೆ. ಅಮೆರಿಕದಲ್ಲಿ 2011ರಲ್ಲಿ ಹಾರ್ಪರ್ ಕಾಲಿನ್ಸ್ ಎಂಬ ಪ್ರಕಾಶನ ಸಂಸ್ಥೆ, ಗ್ರಂಥಾಲಯಗಳು ತನ್ನ ಇ-ಪುಸ್ತಕವನ್ನು 26 ಸಲ ಎರವಲು ಕೊಟ್ಟ ಮೇಲೆ ಮತ್ತೆ ಹಣ ಕೊಡಬೇಕು ಎಂಬ ಷರತ್ತು ಹಾಕಿತು. 2009ರಲ್ಲಿ ಅಮೆಜಾನ್ ಕಂಪನಿ ಹಕ್ಕಿನ ತಕರಾರೊಂದರಿಂದಾಗಿ ಜಾರ್ಜ್ ಆರ್ವೆಲ್‌ನ ಕೃತಿಗಳನ್ನು ಹಣ ಕೊಟ್ಟು ಪಡೆದವರ ಯಂತ್ರಗಳಿಂದಲೇ ರಾತ್ರೋರಾತ್ರಿ ಅಳಿಸಿಹಾಕಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಅಲ್ಲಿ ಕೊಂಡ ಪುಸ್ತಕಗಳೂ ಮಾಯವಾದವು. ಹಣ ವಾಪಸು ಬಂತು, ಪುಸ್ತಕ ಬರಲಿಲ್ಲ. ಅಂಗಡಿ ಮುಚ್ಚಿದ ಮಾಲೀಕ ನಮ್ಮ ಮನೆಗೆ ಬಂದು ಹತ್ತು ವರ್ಷದ ಹಿಂದೆ ಕೊಂಡ ಪುಸ್ತಕವನ್ನು ಎತ್ತಿಕೊಂಡು ಹೋದರೆ ನಾವು ಸುಮ್ಮನಿರುತ್ತೇವೆಯೇ?

ಇಂಥ ಒಪ್ಪಂದಗಳ ಬಗ್ಗೆ ನಮ್ಮ ಗ್ರಂಥಪಾಲಕರು ಬಾಯಿ ಬಿಡುವುದನ್ನು ನಾವು ಕೇಳಿದ್ದು ಕಡಿಮೆ. ಇಷ್ಟು ಸಾವಿರ ಇ-ನಿಯತಕಾಲಿಕೆ ನಮ್ಮಲ್ಲಿವೆ ಎಂದು ಕಾಲೇಜುಗಳ ಪರಿಚಯ ಪುಸ್ತಿಕೆಯಲ್ಲಿ ಅಚ್ಚಾಗುತ್ತದೆ. ಚಂದಾ ನಿಂತ ವರ್ಷ ಅವು ನಮ್ಮಲ್ಲಿರುವುದಿಲ್ಲ ಎಂಬುದು ಅಚ್ಚಾಗುವುದಿಲ್ಲ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಂದು ರಾಷ್ಟ್ರ ಒಂದು ಚಂದಾ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ, 30 ಅಂತಾರಾಷ್ಟ್ರೀಯ ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಸರ್ಕಾರಿ ಕಾಲೇಜಿನ ಸಂಶೋಧಕನಿಗೂ ಐಐಟಿಯ ಸಂಶೋಧಕನಿಗೂ ಒಂದೇ ಬಾಗಿಲು ತೆರೆಯುವುದು ಸ್ವಾಗತಾರ್ಹವೇ. ಆದರೆ ಇದು ವಿದೇಶಿ ಪ್ರಕಾಶಕರಿಗೆ ಕೊಡುವ ಚಂದಾ. ಅವಧಿ ಮುಗಿದ ಮೇಲೆ ಮತ್ತೆ ಕೊಡಬೇಕಾದ ಚಂದಾ. ಇಂಗ್ಲಿಷ್ ಸಂಶೋಧನೆಗೆ ಸಾವಿರಾರು ಕೋಟಿ ಹುಡುಕಬಲ್ಲ ದೇಶ, ಕನ್ನಡದ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಯಲ್ಲಿನ ಅಕ್ಷರದೋಷ ತಿದ್ದಿಸಲು ಕೆಲವು ಕೋಟಿ ಹುಡುಕಲಾರದೇ?

ಕನ್ನಡಕ್ಕೆ ಸಿಕ್ಕಿದ್ದೇನು?

ಪರದೆಯ ಮೇಲೆ ಕನ್ನಡ ಪುಸ್ತಕವಿದೆ ಎನ್ನುವಾಗ ಬಹಳ ಸಲ ಇರುವುದು ಪುಸ್ತಕದ ಫೋಟೋ. ಅದರಲ್ಲಿ ಒಂದು ಪದ ಹುಡುಕಲಾಗದು, ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯ ಹೊರಗೆ ಓಡುತ್ತದೆ. ಗಣಕದಲ್ಲೇ ಅಚ್ಚಿಗೆ ಸಿದ್ಧಗೊಂಡ ಈಚಿನ ಪುಸ್ತಕಗಳ ಸ್ಥಿತಿಯೂ ಉತ್ತಮವೇನಲ್ಲ. ಡಿಟಿಪಿ ಅಂಗಡಿಗಳಲ್ಲಿ ವರ್ಷಾನುಗಟ್ಟಲೆ ಬೆರಳಚ್ಚಾದದ್ದು ಹಳೆಯ ನುಡಿ ಮುಂತಾದ ಫಾಂಟುಗಳಲ್ಲಿ. ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕುವೆಂಪು ಅವರ ಗದ್ಯವೂ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ರಾಜ್ಯ ಸರ್ಕಾರ ಯೂನಿಕೋಡ್ ಶಿಷ್ಟತೆಯನ್ನು ಒಪ್ಪಿದ್ದು 2012ರಲ್ಲಿ. ಅದಕ್ಕೂ ಹಿಂದಿನ, ಅನಂತರವೂ ಹಳೆಯ ಅಭ್ಯಾಸದಲ್ಲೇ ಸಾಗಿದ ಪುಸ್ತಕಗಳ ಕಡತಗಳು ಪ್ರಕಾಶಕರ ಸಿಡಿಗಳಲ್ಲಿ, ಕೆಟ್ಟುಹೋದ ಹಾರ್ಡ್‌ಡಿಸ್ಕ್‌ಗಳಲ್ಲಿ ಹೂತುಹೋಗಿವೆ. ನೂರು ವರ್ಷದ ಹಿಂದೆ ಅಚ್ಚಾದ ಕನ್ನಡ ಪುಸ್ತಕವನ್ನು ಇಂದು ಬಿಡಿಸಿ ಓದಬಹುದು. ಇಪ್ಪತ್ತು ವರ್ಷದ ಹಿಂದೆ ಗಣಕದಲ್ಲಿ ಬೆರಳಚ್ಚಾದದ್ದನ್ನು ತೆರೆಯುವುದು ಅಷ್ಟು ಸುಲಭವಿಲ್ಲ.

ಇದರ ಏಟು ಹೆಚ್ಚು ಬೀಳುವುದು ಅಂಧ ಓದುಗರಿಗೆ. ಇ-ಪುಸ್ತಕದ ನಿಜವಾದ ವರ ಅವರಿಗಾಗಿಯೇ ಇತ್ತು. ಪರದೆಯ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಕನ್ನಡಕ್ಕೂ ಬಂದಿದೆ. ಆದರೆ ಅದು ಯೂನಿಕೋಡ್ ಅಕ್ಷರವನ್ನು ಓದುತ್ತದೆ, ಫೋಟೋವನ್ನು ಓದುವುದಿಲ್ಲ. ದೃಷ್ಟಿದೋಷವುಳ್ಳವರಿಗೆ ಪುಸ್ತಕ ಒದಗಿಸಲು ಹಕ್ಕುಸ್ವಾಮ್ಯದ ಅಡ್ಡಿ ತೆಗೆಯುವ ಮರಾಕೇಶ್ ಒಪ್ಪಂದ 2013ರಲ್ಲಿ ಆಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2012ರಲ್ಲೇ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ಅಂಥ ತಿದ್ದುಪಡಿಯಾಗಿತ್ತು. ಕಾನೂನಿನ ಅಡ್ಡಿಯಿಲ್ಲ. ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಕೃತಿಯ ಹಕ್ಕು ಮುಗಿಯುವುದರಿಂದ ಪಂಜೆ ಮಂಗೇಶರಾಯರು, ಕೈಲಾಸಂ ಅವರಂಥವರ ಬರಹಗಳಿಗಂತೂ ಯಾರ ಅಪ್ಪಣೆಯೂ ಬೇಡ. ಹಾಗಿದ್ದೂ ಕನ್ನಡದ ಒಬ್ಬ ಅಂಧ ವಿದ್ಯಾರ್ಥಿ ತನಗೆ ಬೇಕಾದ ಪುಸ್ತಕವನ್ನು ಪರದೆಯಿಂದ ಕೇಳಿಸಿಕೊಳ್ಳಲು ಗೆಳೆಯರ ದಾಕ್ಷಿಣ್ಯಕ್ಕೆ ಕಾಯಬೇಕೆಂದರೆ, ಡಿಜಿಟಲ್ ಗ್ರಂಥಾಲಯ ಎಂಬ ಫಲಕ ಯಾರ ಕಣ್ಣಿಗಾಗಿ?

ಹಣದ ಮಾತು

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಅದರಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತಾರೆ, ಈಗ ಅದು ಶೇಕಡಾ 6. ಮೈಸೂರಿನ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲಿ ಈ ಕರವೂ ಇದೆ. ಓದುವವನೂ ಕೊಡುತ್ತಾನೆ, ಓದದವನೂ ಕೊಡುತ್ತಾನೆ. ಮುದ್ರಣ ಬೇಕೆಂದವನೂ ಇ-ಪುಸ್ತಕ ಬೇಕೆಂದವನೂ ಕೊಡುತ್ತಾನೆ. ಈ ಹಣ ಗ್ರಂಥಾಲಯ ಪ್ರಾಧಿಕಾರಕ್ಕೆ ಸೇರಬೇಕಾದ ಹಣ. ಆದರೆ ವಸೂಲು ಮಾಡಿದ ನಗರಪಾಲಿಕೆಗಳು ಅದನ್ನು ಸಕಾಲದಲ್ಲಿ ಹಸ್ತಾಂತರಿಸುವುದಿಲ್ಲ ಎಂಬುದು ಹಳೆಯ ದೂರು. ಬೆಂಗಳೂರು ಮಹಾನಗರ ಪಾಲಿಕೆ ಒಂದೇ ಉಳಿಸಿಕೊಂಡ ಬಾಕಿ ನೂರಾರು ಕೋಟಿ ಎಂದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಪುಸ್ತಕದ ಹೆಸರಿನಲ್ಲಿ ಪಡೆದು ಬೇರೆಡೆ ಇಟ್ಟುಕೊಂಡ ಹಣವನ್ನು ಇಸ್ಲಾಮಿನ ಪರಿಭಾಷೆಯಲ್ಲಿ ಅಮಾನತ್‌ನ ದ್ರೋಹ ಎನ್ನುತ್ತಾರೆ. ಕನ್ನಡದಲ್ಲಿ ನಂಬಿಸಿ ಕತ್ತು ಕೊಯ್ಯುವುದು ಎನ್ನುತ್ತಾರೆ.

ಗ್ರಂಥಾಲಯಗಳಿಗಾಗಿ ಸಗಟು ಖರೀದಿಯ ಯೋಜನೆ ಕನ್ನಡದ ಸಣ್ಣ ಪ್ರಕಾಶಕರಿಗೆ ಜೀವಾಳ. ಆ ಖರೀದಿ ವರ್ಷಗಟ್ಟಲೆ ತಡವಾಗುತ್ತದೆ, ಪುಟಕ್ಕೆ ನಿಗದಿಯಾದ ದರ ಕಾಗದದ ಬೆಲೆಯ ಹಿಂದೆ ಕುಂಟುತ್ತದೆ ಎಂದು ಪ್ರಕಾಶಕರು ಗೋಗರೆಯುತ್ತಲೇ ಇದ್ದಾರೆ. ಕೊಳ್ಳದ ಪುಸ್ತಕ ಬೀರುವಿಗೆ ಬರುವುದಿಲ್ಲ. ಹೊಸ ಪುಸ್ತಕವಿಲ್ಲದ ಬೀರುವಿನ ಬಳಿ ಜನ ಬರುವುದಿಲ್ಲ. ಜನ ಬರುತ್ತಿಲ್ಲವಾದ್ದರಿಂದ ಮುದ್ರಿತ ಪುಸ್ತಕದ ಕಾಲ ಮುಗಿಯಿತು ಎಂಬ ಭಾಷಣ ಸಪ್ತಾಹದಲ್ಲಿ ನಡೆಯುತ್ತದೆ. ಗಿಡಕ್ಕೆ ನೀರು ನಿಲ್ಲಿಸಿ, ಒಣಗಿದ ಮೇಲೆ ಈ ಜಾತಿಯ ಗಿಡವೇ ಹೀಗೆ ಎಂದಂತೆ.

ಜನ ಬರುವುದಿಲ್ಲ ಎಂಬುದು ಸುಳ್ಳು ಎಂಬುದಕ್ಕೆ ಸರ್ಕಾರದ್ದೇ ಸಾಕ್ಷಿಯಿದೆ. ಗ್ರಾಮ ಪಂಚಾಯಿತಿಗಳ 5,600ಕ್ಕೂ ಹೆಚ್ಚು ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಲಾಯಿತು. 2020ರ ನವೆಂಬರ್‌ನಲ್ಲಿ ಓದುವ ಬೆಳಕು ಎಂಬ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಾಗ ಶಾಲೆಗಳು ಮುಚ್ಚಿದ್ದ ಆ ಕಾಲದಲ್ಲಿ ಲಕ್ಷಾಂತರ ಹಳ್ಳಿಯ ಮಕ್ಕಳು ಸದಸ್ಯರಾದರು. ಅರಿವು ಕೇಂದ್ರ ಎಂಬ ಹೊಸ ಹೆಸರಿನಲ್ಲಿ ಹಲವು ಕಡೆ ಗೋಡೆಗೆ ಬಣ್ಣ ಬಂತು, ಮಕ್ಕಳ ಪುಸ್ತಕ ಬಂತು, ಗಣಕವೂ ಬಂತು. ಬಂದ ಕಡೆ ಕಾಗದ, ಪರದೆ ಎರಡೂ ಅಕ್ಕಪಕ್ಕ ಕೂತಿವೆ. ಅಲ್ಲಿ ಜಗಳವಿಲ್ಲ. ಜಗಳವಿರುವುದು ಎರಡನ್ನೂ ಕೊಡಲು ಮನಸ್ಸಿಲ್ಲದ ಕಡೆ.

ನಮ್ಮವರಿಗೂ ಒಂದು ಮಾತು

ಓದು ಎಂಬ ಆಜ್ಞೆಯಿಂದ ತನ್ನ ದಿವ್ಯಸಂದೇಶ ಆರಂಭವಾಯಿತೆಂದು ಹೆಮ್ಮೆಪಡುವ ಸಮುದಾಯ ನಮ್ಮದು. ಮಾಧ್ಯಮಗಳ ಜಗಳವನ್ನು ಬಿಡಿಸಿದ ಪರಂಪರೆಯೂ ನಮ್ಮಲ್ಲಿದೆ. ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ್ದ ಅನೇಕರು ಮಡಿದಾಗ, ಹಝ್ರತ್ ಉಮರ್ ಅವರ ಸಲಹೆಯಂತೆ ಖಲೀಫ ಅಬೂಬಕರ್ ಅವರು ಅದನ್ನು ಬರಹದಲ್ಲಿ ಸಂಗ್ರಹಿಸಲು ಝೈದ್ ಬಿನ್ ಸಾಬಿತ್ ಅವರಿಗೆ ವಹಿಸಿದರು. ಝೈದ್ ಅವರು ನೆನಪನ್ನೂ ಬರಹವನ್ನೂ ಒಂದಕ್ಕೊಂದು ಸಾಕ್ಷಿಯಾಗಿ ನಿಲ್ಲಿಸಿದರು. ಬರಹ ಬಂತೆಂದು ಕಂಠಪಾಠ ನಿಲ್ಲಲಿಲ್ಲ. ಹದಿನಾಲ್ಕು ಶತಮಾನ ಕಳೆದರೂ ಎರಡೂ ಒಟ್ಟಿಗೇ ನಡೆದಿವೆ.

ಹಿಂಜರಿದ ಇತಿಹಾಸವೂ ನಮ್ಮದೇ. ಇಸ್ತಾಂಬುಲ್‌ನಲ್ಲಿ ಇಬ್ರಾಹಿಂ ಮುತಫರ್ರಿಕ 1727ರಲ್ಲಿ ಸುಲ್ತಾನನ ಅನುಮತಿ ಪಡೆದು, 1729ರಲ್ಲಿ ಮೊದಲ ಪುಸ್ತಕ ಅಚ್ಚು ಮಾಡುವ ಹೊತ್ತಿಗೆ ಯೂರೋಪಿನಲ್ಲಿ ಮುದ್ರಣ ಬಂದು ಇನ್ನೂರೈವತ್ತು ವರ್ಷ ದಾಟಿತ್ತು. ಆ ಅನುಮತಿಯೂ ಧಾರ್ಮಿಕ ಗ್ರಂಥಗಳನ್ನು ಬಿಟ್ಟು. ತಡವಾದದ್ದರ ಬೆಲೆಯನ್ನು ನಾವು ತೆತ್ತಿದ್ದೇವೆ. ಈಗ ಪರದೆಯ ವಿಷಯದಲ್ಲಿ ಅದೇ ಮೂಗು ಮುರಿಯುವಿಕೆ ಬೇಡ. ಮನೆಯಲ್ಲಿ ಒಂದೇ ಮೊಬೈಲ್ ಇದ್ದು ಅದು ಗಂಡುಮಗನ ಕೈಯಲ್ಲೇ ಇದ್ದರೆ, ಡಿಜಿಟಲ್ ಗ್ರಂಥಾಲಯ ಹೆಣ್ಣುಮಗಳಿಗೆ ತೆರೆದ ಬಾಗಿಲಲ್ಲ. ಅದನ್ನು ತೆರೆಯಬೇಕಾದವರು ತಂದೆತಾಯಿಗಳು, ಇಲಾಖೆಯಲ್ಲ.

ಇನ್ನೊಂದು ಕಠಿಣ ಮಾತನ್ನೂ ಹೇಳಿಬಿಡುತ್ತೇವೆ. ಮದುವೆಯ ಒಂದು ರಾತ್ರಿಯ ದೀಪಾಲಂಕಾರಕ್ಕೆ ಲಕ್ಷ ಸುರಿಯುವ ಬಡಾವಣೆಯಲ್ಲಿ ಗ್ರಂಥಾಲಯ ಕಟ್ಟುವ ಕೆಲಸ ಒಬ್ಬ ಕೂಲಿಕಾರರ ಹೆಗಲ ಮೇಲೆ ಬಿತ್ತು. ಬೆಂಕಿ ಬೀಳುವ ತನಕ ಅದು ನಮ್ಮಲ್ಲಿ ಬಹಳ ಜನರಿಗೆ ಕಾಣಲೇ ಇಲ್ಲ. ಮಸೀದಿ ಕಮಿಟಿಗಳು ಒಂದು ಕೋಣೆ, ಎರಡು ಬೀರು, ಒಂದು ಗಣಕ, ಕನ್ನಡ ಉರ್ದು ಎರಡೂ ಬಲ್ಲ ಒಬ್ಬ ಯುವಕ ಅಥವಾ ಯುವತಿಗೆ ಸಂಬಳ, ಇಷ್ಟನ್ನು ಕೊಡಲಾರವೇ? ಅಲ್ಲಿಗೆ ಎಲ್ಲ ಧರ್ಮದವರೂ ಬಂದು ಕೂರುವಂತಿರಬೇಕು. ಅದರ ಮಾದರಿಯನ್ನು ಇಸಾಕ್ ಅವರು ಹಾಕಿಕೊಟ್ಟಿದ್ದಾರೆ, ಹೊಸದಾಗಿ ಹುಡುಕಬೇಕಿಲ್ಲ.

ಏನು ಮಾಡಬೇಕು?

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎನಿಸಿದ ಎಸ್. ಆರ್. ರಂಗನಾಥನ್ ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ತೀರಿಕೊಂಡರು. 1931ರಲ್ಲಿ ಅವರು ಮಂಡಿಸಿದ ಐದು ಸೂತ್ರಗಳನ್ನು ಗ್ರಂಥಾಲಯ ವಿಜ್ಞಾನದ ಪ್ರತಿ ವಿದ್ಯಾರ್ಥಿಯೂ ಬಾಯಿಪಾಠ ಮಾಡುತ್ತಾನೆ. ಪುಸ್ತಕ ಇರುವುದು ಉಪಯೋಗಕ್ಕೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಅವುಗಳ ಸಾರ. ಅದರಲ್ಲಿ ಕಾಗದ ಎಂಬ ಪದವೂ ಇಲ್ಲ, ಪರದೆ ಎಂಬ ಪದವೂ ಇಲ್ಲ. ಪರೀಕ್ಷೆಯಲ್ಲಿ ಬರೆದು ಪಾಸಾದದ್ದನ್ನು ಕೆಲಸದಲ್ಲಿ ನೆನಪಿಟ್ಟುಕೊಂಡರೆ ಸಾಕು.

ಆದ್ದರಿಂದ ಗ್ರಂಥಪಾಲಕ ಮಿತ್ರರಲ್ಲಿ ನಮ್ಮ ಬೇಡಿಕೆಗಳು ಸರಳ. ನೋಂದಣಿಯ ಅಂಕಿಯ ಜೊತೆಗೆ ಓದಿನ ಅಂಕಿ ಹೇಳಿ. ಯಾವ ಪುಸ್ತಕ ಎಷ್ಟು ಸಲ ಎರವಲು ಹೋಯಿತು, ಯಾವುದು ತೆರೆದುಕೊಂಡಿತು, ಕೇಳಿದ ಯಾವುದು ಸಿಗಲಿಲ್ಲ ಎಂಬ ಪಟ್ಟಿಯನ್ನು ಪ್ರತಿ ತಿಂಗಳೂ ನೋಟಿಸ್ ಬೋರ್ಡಿಗೆ ಹಾಕಿ. ಇ-ಪುಸ್ತಕ ತರುವ ಮುನ್ನ ಒಪ್ಪಂದದಲ್ಲಿ ಅದು ನಮ್ಮದಾಗುತ್ತದೆಯೋ ಬಾಡಿಗೆಯದೋ ಎಂದು ಓದಿ, ಓದಿದ್ದನ್ನು ಜನರಿಗೆ ತಿಳಿಸಿ. ಕನ್ನಡ ಪುಸ್ತಕ ಡಿಜಿಟಲ್ ಮಾಡುವಾಗ ಫೋಟೋದಲ್ಲಿ ನಿಲ್ಲಿಸದೆ ಯೂನಿಕೋಡ್ ಅಕ್ಷರಕ್ಕೆ ಇಳಿಸಿ, ತಿದ್ದಿಸಿ, ಸರಿಯಾದ ಹೆಸರಿನಲ್ಲಿ ಸೂಚಿಗೆ ಸೇರಿಸಿ. ಅಂಧ ಓದುಗರೊಬ್ಬರು ಕೇಳಿ ಒಪ್ಪಿದ ಮೇಲೆ ಅದು ಸಿದ್ಧವಾಯಿತೆನ್ನಿ. ಅಪರೂಪದ ಮುದ್ರಿತ ಪ್ರತಿಯನ್ನು ಸ್ಕ್ಯಾನ್ ಆಯಿತೆಂದು ರದ್ದಿಗೆ ಹಾಕಬೇಡಿ. ಮೈಸೂರಿನ ಓದುಗರಲ್ಲಿ ನಮ್ಮ ಬೇಡಿಕೆ ಇನ್ನೂ ಸರಳ. ನಿಮ್ಮ ವಾರ್ಡಿನ ಶಾಖಾ ಗ್ರಂಥಾಲಯಕ್ಕೆ ಒಮ್ಮೆ ಹೋಗಿ, ಕಳೆದ ಮೂರು ವರ್ಷಗಳಲ್ಲಿ ಬಂದ ಹೊಸ ಕನ್ನಡ ಪುಸ್ತಕಗಳು ಯಾವುವು ಎಂದು ಕೇಳಿ. ಉತ್ತರ ಸಿಗದಿದ್ದರೆ ಕಂದಾಯದ ರಸೀದಿ ಹಿಡಿದು ಪಾಲಿಕೆಗೆ ಹೋಗಿ, ನಾವು ಕೊಟ್ಟ ಗ್ರಂಥಾಲಯ ಕರ ಎಲ್ಲಿ ಎಂದು ಲಿಖಿತವಾಗಿ ಕೇಳಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದಲೂ ಇದೆ, ಅರ್ಜಿ ಶುಲ್ಕ 10 ರೂಪಾಯಿ.

ಈ ಪ್ರಶ್ನೆಗಳಿಗೆ ಉತ್ತರ ಬಂದ ದಿನ ಕಾಗದವೋ ಪರದೆಯೋ ಎಂಬ ಚರ್ಚೆಯನ್ನು ಬೇಕಾದರೆ ಆರಾಮವಾಗಿ ಕೂತು ಮಾಡೋಣ. ಅಲ್ಲಿಯವರೆಗೆ ಈ ಜಗಳದಿಂದ ಲಾಭವಾಗುವುದು ಪುಸ್ತಕವನ್ನೂ ಕೊಡದೆ ಪರದೆಯನ್ನೂ ಕೊಡದೆ ಹಣ ಇಟ್ಟುಕೊಂಡವರಿಗೆ ಮಾತ್ರ.